ಪ್ಯಾಲೆಟ್ಟಿನ ಮೇಲಿನ ಗೋಧಿ ತೆನೆ

ಭಿವಂಡಿಯ ಗೋದಾಮುಗಳಲ್ಲಿ, ಚೆನ್ನೈ ಬಂದರಿನ ಆಸುಪಾಸಿನಲ್ಲಿ, ಹೈದರಾಬಾದಿನ ಹೊರವಲಯದ ಲಾರಿ ಅಡ್ಡೆಗಳಲ್ಲಿ ಮರದ ಪ್ಯಾಲೆಟ್‌ಗಳ ರಾಶಿಯನ್ನು ನೀವು ನೋಡಿಯೇ ಇರುತ್ತೀರಿ. ಮೇಲಿದ್ದ ಸಾಮಾನು ಇಳಿದ ಮೇಲೆ ಅವನ್ನು ಕೇಳುವವರಿಲ್ಲ. ಚಹಾ ಅಂಗಡಿಯವರು ಒಲೆಗೆ ಒಯ್ಯುತ್ತಾರೆ. ಪುಣೆಯಲ್ಲಾದರೆ ಯಾರೋ ಅದಕ್ಕೆ ವಾರ್ನಿಶ್ ಬಳಿದು ಕೆಫೆಯ ಮೇಜು ಮಾಡುತ್ತಾರೆ. ಮುಂದಿನ ಸಲ ಅಂಥದೊಂದು ಕಂಡಾಗ ಅದರ ಪಕ್ಕೆಯನ್ನು ಸ್ವಲ್ಪ ಬಗ್ಗಿ ನೋಡಿ. ಬರೆ ಎಳೆದಂತೆ ಒಂದು ಮುದ್ರೆ ಇರುತ್ತದೆ. ಚೌಕದೊಳಗೆ ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶವನ್ನು ಸೂಚಿಸುವ ಎರಡು ಅಕ್ಷರ (ನಮ್ಮದಾದರೆ ಐಎನ್), ಒಂದು ಸಂಖ್ಯೆ, ಕೊನೆಗೆ ಎಚ್‌ಟಿ ಅಥವಾ ಎಂಬಿ.

ಎಚ್‌ಟಿ ಎಂದರೆ ಈ ಮರವನ್ನು ಅದರ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಬೇಯಿಸಲಾಗಿದೆ ಎಂದರ್ಥ. ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಹಾಕಲಾಗಿದೆ. ಎರಡರ ಉದ್ದೇಶವೂ ಒಂದೇ: ಮರದೊಳಗೆ ಯಾವ ಹುಳವೂ ಜೀವಂತವಾಗಿ ಗಡಿ ದಾಟಬಾರದು. ಸೌದೆಯಾಗಿ ಉರಿದುಹೋಗುವ ತುಂಡು ಹಲಗೆಗೆ ಜಗತ್ತಿನ ಎಲ್ಲ ದೇಶಗಳೂ ಸೇರಿ ಇಷ್ಟೊಂದು ವಿಧಿವಿಧಾನ ಏಕೆ ಮಾಡಿದವು ಎಂಬ ಕುತೂಹಲದಿಂದ ಹೊರಟ ನಾನು ಹೋಗಿ ನಿಂತದ್ದು ಅಮೆರಿಕ ಮತ್ತು ಕೆನಡಾಗಳ ನಡುವೆ ಹರಿಯುವ ಡೆಟ್ರಾಯಿಟ್ ನದಿಯ ದಡದಲ್ಲಿ. ಹೋದದ್ದು ಪುಸ್ತಕ, ವರದಿಗಳ ಮೂಲಕ ಮಾತ್ರ.

ಆ ನದಿಗೆ ಹೋಗುವ ಮುನ್ನ ನೂರು ವರ್ಷ ಹಿಂದಕ್ಕೆ ಹೋಗಬೇಕು.

1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಆವರಣದಲ್ಲಿದ್ದ ಚೆಸ್ಟ್‌ನಟ್ ಮರಗಳು ಒಣಗತೊಡಗಿದವು. ಅಲ್ಲಿನ ಅರಣ್ಯಾಧಿಕಾರಿ ಹರ್ಮನ್ ಮರ್ಕೆಲ್ ಅದನ್ನು ಮೊದಲು ಗಮನಿಸಿದ. ತೊಗಟೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ, ಆಮೇಲೆ ಬಿರುಕು, ಆಮೇಲೆ ಆ ಭಾಗದಿಂದ ಮೇಲಕ್ಕೆ ಎಲ್ಲವೂ ಒಣ. ಏಷ್ಯಾದಿಂದ ಅಲಂಕಾರಕ್ಕೂ ಹಣ್ಣಿಗೂ ತರಿಸಿಕೊಂಡಿದ್ದ ಚೆಸ್ಟ್‌ನಟ್ ಸಸಿಗಳ ಜೊತೆ ಒಂದು ಶಿಲೀಂಧ್ರ ಬಂದಿತ್ತು. ತವರಿನ ಮರಗಳಿಗೆ ಅದು ದೊಡ್ಡ ಉಪದ್ರವವೇ ಅಲ್ಲ. ಅಮೆರಿಕದ ಚೆಸ್ಟ್‌ನಟ್ಟಿಗೆ ಅದರ ಪರಿಚಯವೇ ಇರಲಿಲ್ಲ. ಪೆನ್ಸಿಲ್ವೇನಿಯಾ ರಾಜ್ಯ 1911ರಲ್ಲಿ ಒಂದು ಆಯೋಗ ಮಾಡಿ, ಹಣ ಕೊಟ್ಟು, ರೋಗದ ಗೆರೆಯ ಆಚೆ ಮರಗಳನ್ನು ಕಡಿದು ಸುಡುವ ಯೋಜನೆ ಹಾಕಿತು. ಎರಡೇ ವರ್ಷದಲ್ಲಿ ಆಯೋಗ ಮುಚ್ಚಿತು. ಶಿಲೀಂಧ್ರ ಗೆರೆ ದಾಟಿ ಎಷ್ಟೋ ಮುಂದೆ ಹೋಗಿತ್ತು. ನಾಲ್ಕು ದಶಕ ಕಳೆಯುವಷ್ಟರಲ್ಲಿ ಸತ್ತ ಮರಗಳು ಸುಮಾರು 400 ಕೋಟಿ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು.

ಅದೇ ಹೊತ್ತಿನ ಇನ್ನೊಂದು ಪ್ರಸಂಗ ಹೆಚ್ಚು ಸ್ವಾರಸ್ಯದ್ದು. ವಾಷಿಂಗ್ಟನ್ನಿನಲ್ಲಿ ಪ್ರತಿ ವಸಂತದಲ್ಲಿ ಜನ ಮುಗಿಬಿದ್ದು ನೋಡುವ ಚೆರ್ರಿ ಮರಗಳು ಟೋಕಿಯೊ ನಗರದ ಉಡುಗೊರೆ ಎಂಬುದು ಗೊತ್ತಿರುವ ಸಂಗತಿ. ಆದರೆ ಅವು ಎರಡನೇ ಸಲ ಕಳಿಸಿದ ಮರಗಳು. ಮೊದಲ ಸಲ ಬಂದ 2,000 ಸಸಿಗಳನ್ನು ಕೃಷಿ ಇಲಾಖೆಯ ಕೀಟತಜ್ಞರು ಪರೀಕ್ಷಿಸಿ, ಹುಳು, ರೋಗ ಎಲ್ಲವೂ ಇವೆ ಎಂದರು. 1910ರ ಜನವರಿ 28ರಂದು, ಅಧ್ಯಕ್ಷ ಟಾಫ್ಟ್ ಅವರ ಒಪ್ಪಿಗೆ ಪಡೆದು, ಅಷ್ಟನ್ನೂ ರಾಶಿ ಹಾಕಿ ಬೆಂಕಿ ಇಟ್ಟರು. ಬೇರೆ ದೇಶದ ರಾಜಧಾನಿ ಕಳಿಸಿದ ಉಡುಗೊರೆಯನ್ನು ಸುಡುವುದೆಂದರೆ ವಿದೇಶಾಂಗ ಇಲಾಖೆಯವರ ಪಾಡು ಏನಾಗಿರಬೇಕು! ಟೋಕಿಯೊದವರು ದೊಡ್ಡ ಮನಸ್ಸು ಮಾಡಿ, ಜೋಪಾನವಾಗಿ ಬೆಳೆಸಿದ 3,020 ಮರಗಳನ್ನು 1912ರಲ್ಲಿ ಮತ್ತೆ ಕಳಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಸಸ್ಯ ಕ್ವಾರಂಟೈನ್ ಕಾಯ್ದೆ ಬಂತು. ಚಾರ್ಲ್ಸ್ ಮಾರ್ಲಟ್ ಎಂಬ ಕೀಟವಿಜ್ಞಾನಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದ; ವಿದೇಶಿ ಸಸಿ ಮಾರುವ ನರ್ಸರಿಯವರು ಅಷ್ಟೇ ವರ್ಷ ಅಡ್ಡಗಾಲು ಹಾಕಿದ್ದರು. ನಮಗೆ ಕ್ವಾರಂಟೈನ್ ಎಂಬ ಪದ ಬಾಯಿಪಾಠವಾದದ್ದು 2020ರಲ್ಲಿ. ಗಿಡಮರಗಳಿಗೆ ಅದು ಶತಮಾನದ ಹಳೆಯ ಮಾತು.

ಕೆನಡಾ ಈ ವಿಷಯದಲ್ಲಿ ಎರಡು ವರ್ಷ ಮುಂದಿತ್ತು. ಅಲ್ಲಿ 1910ರಲ್ಲೇ 'ಡಿಸ್ಟ್ರಕ್ಟಿವ್ ಇನ್ಸೆಕ್ಟ್ ಆಂಡ್ ಪೆಸ್ಟ್ ಆಕ್ಟ್' ಬಂದಿತ್ತು. ಭಾರತದಲ್ಲಿ ಬ್ರಿಟಿಷ್ ಸರ್ಕಾರ 1914ರಲ್ಲಿ ತಂದ ಕಾಯ್ದೆಯ ಹೆಸರು 'ಡಿಸ್ಟ್ರಕ್ಟಿವ್ ಇನ್ಸೆಕ್ಟ್ಸ್ ಆಂಡ್ ಪೆಸ್ಟ್ಸ್ ಆಕ್ಟ್'. ಬಹುವಚನವೊಂದೇ ವ್ಯತ್ಯಾಸ. ನಮ್ಮ ಬಂದರುಗಳ ಸಸ್ಯ ತಪಾಸಣೆ ಇಂದಿಗೂ ಈ ಕಾಯ್ದೆಯ ಆಸರೆಯಲ್ಲೇ ನಿಂತಿದೆ. 2003ರ ಸಸ್ಯ ಕ್ವಾರಂಟೈನ್ ಆದೇಶವೂ ಅದರಡಿಯದೇ. ಅದರ ಜಾಗದಲ್ಲಿ ಹೊಸದು ತರಲೆಂದು 2013ರಲ್ಲಿ ಕೃಷಿ ಜೈವಿಕ ಭದ್ರತಾ ಮಸೂದೆಯೊಂದು ಲೋಕಸಭೆಯಲ್ಲಿ ಮಂಡನೆಯಾಯಿತು. ಮರುವರ್ಷ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು.

ಆದರೆ ಮನೆಮನೆಗೊಂದು ಬೀಗ ಇದ್ದರೆ ಸಾಲದು, ನೆರೆಯವರ ಗೋಡೆ ನಮ್ಮ ಗೋಡೆಯೂ ಹೌದು ಎಂಬುದನ್ನು ಅಮೆರಿಕ ಮತ್ತು ಕೆನಡಾ ಕಲಿತದ್ದು ಪೈನ್ ಮರದಿಂದ. ಎರಡೂ ದೇಶಗಳಲ್ಲಿ ಬಿಳಿ ಪೈನ್ ಎಂದರೆ ಹಡಗು, ಮನೆ, ಬಾಗಿಲು ಎಲ್ಲಕ್ಕೂ ಬೇಕಾದ ಮರ. ಕಡಿದು ಮುಗಿಸಿದ ಮೇಲೆ ಮತ್ತೆ ನೆಡಲು ಸಸಿ ಬೇಕಾಯಿತು. ಯುರೋಪಿನ ನರ್ಸರಿಗಳಲ್ಲಿ ಸಸಿ ಅಗ್ಗ. ಅಮೆರಿಕದ್ದೇ ಮರ, ಯುರೋಪಿನಲ್ಲಿ ಮೊಳೆತು, ಹಡಗಿನಲ್ಲಿ ವಾಪಸು ಬರುತ್ತಿತ್ತು. ಬರುವಾಗ ತುಕ್ಕುರೋಗದ ಶಿಲೀಂಧ್ರವನ್ನು ಹೊತ್ತು ತಂದಿತು. 1910ರಲ್ಲಿ ಫ್ರಾನ್ಸಿನಿಂದ ಪಶ್ಚಿಮ ತೀರದ ವ್ಯಾಂಕೂವರ್‌ಗೆ ಅಂಥ ಸಸಿಗಳ ಒಂದು ಹೊರೆ ಇಳಿಯಿತು. ರೋಗ ಅಲ್ಲಿ ಪತ್ತೆಯಾದದ್ದು 1921ರಲ್ಲಿ. ಹನ್ನೊಂದು ವರ್ಷದಲ್ಲಿ ಅದು ದಕ್ಷಿಣದ ಹಾದಿ ಹಿಡಿದಾಗಿತ್ತು. ಅಮೆರಿಕ 1912ರಲ್ಲಿ ಹಾಕಿದ ಬೀಗ ಭದ್ರವಾಗಿಯೇ ಇತ್ತು, ಆದರೆ ಗಾಳಿಯಲ್ಲಿ ತೇಲುವ ಬೀಜಕಣಕ್ಕೆ 49ನೇ ಅಕ್ಷಾಂಶದ ಗೆರೆ ಲೆಕ್ಕಕ್ಕಿಲ್ಲ. ಈ ಶಿಲೀಂಧ್ರಕ್ಕೆ ಬದುಕಲು ಪೈನ್ ಜೊತೆಗೆ ಕರಂಟ್, ಗೂಸ್‌ಬೆರಿ ಜಾತಿಯ ಪೊದೆಗಳೂ ಬೇಕು. ಹಾಗಾಗಿ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಹುಡುಗರ ದಂಡುಗಳನ್ನು ಬೆಟ್ಟಗಳಿಗೆ ಕಳಿಸಿ ಆ ಪೊದೆಗಳನ್ನು ಬೇರುಸಹಿತ ಕೀಳಿಸಿದರು. ಹುಡುಗರ ಹೊಟ್ಟೆ ತುಂಬಿತು. ಪಶ್ಚಿಮದ ಪೈನ್‌ಗಳು ಉಳಿಯಲಿಲ್ಲ.

ರೋಮ್‌ನಲ್ಲಿ 1951ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದವಾಯಿತು. ಮುದ್ರೆಯ ಗೋಧಿ ತೆನೆ ಅದರದೇ ಗುರುತು. 1976ರಲ್ಲಿ ಕೆನಡಾ, ಅಮೆರಿಕ, ಮೆಕ್ಸಿಕೊ ಸೇರಿ ತಮ್ಮದೇ ಒಂದು ಪ್ರಾದೇಶಿಕ ಸಂಸ್ಥೆ ಮಾಡಿಕೊಂಡವು. ಸಭೆ, ನಡಾವಳಿ, ಶಿಫಾರಸು. ಆ ಕಡತಗಳನ್ನು ಓದಿ ನಿಮಗೆ ನಿದ್ದೆ ಬರಿಸುವುದಿಲ್ಲ. ಒಂದು ಒಳ್ಳೆಯ ಕೆಲಸವನ್ನು ಮಾತ್ರ ಹೇಳಲೇಬೇಕು.

1991ರಲ್ಲಿ ರಷ್ಯಾದ ಪೂರ್ವ ತೀರದಿಂದ ಬಂದ ಹಡಗುಗಳಿಂದ ಏಷ್ಯಾದ ಒಂದು ಜಾತಿಯ ಎಲೆ ತಿನ್ನುವ ಪತಂಗ ವ್ಯಾಂಕೂವರ್‌ನಲ್ಲೂ ಅಮೆರಿಕದ ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲೂ ಇಳಿಯಿತು. ಇದರ ಯುರೋಪಿನ ದಾಯಾದಿ ಅಮೆರಿಕದ ಪೂರ್ವ ರಾಜ್ಯಗಳನ್ನು 1869ರಿಂದಲೂ ಕಾಡುತ್ತಿತ್ತು. ಆದರೆ ಯುರೋಪಿನ ಹೆಣ್ಣು ಪತಂಗ ಹಾರಲಾರದು, ಏಷ್ಯಾದ್ದು ಹಾರುತ್ತದೆ. ರಾತ್ರಿ ಬಂದರಿನ ದೀಪಗಳಿಗೆ ಆಕರ್ಷಿತವಾಗಿ ಬಂದು ಹಡಗಿನ ಮೈಮೇಲೆ ಮೊಟ್ಟೆ ಇಡುತ್ತದೆ. ಎರಡೂ ದೇಶಗಳು ಔಷಧಿ ಸಿಂಪಡಿಸಿ ಅದನ್ನು ನಿರ್ಮೂಲ ಮಾಡಿದವು. ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ರಷ್ಯಾ, ಜಪಾನ್, ಕೊರಿಯಾ, ಚೀನಾಗಳ ಬಂದರಿನಲ್ಲೇ ಹಡಗನ್ನು ತಪಾಸಣೆ ಮಾಡಿ, ಮೊಟ್ಟೆ ಕೆರೆದು, ಪ್ರಮಾಣಪತ್ರ ಕೊಡುವ ಏರ್ಪಾಡು ಬೆಳೆಯಿತು. ಹಡಗಿನ ಕ್ಯಾಪ್ಟನ್ನರಿಗೆ ಕೆನಡಾ ಮತ್ತು ಅಮೆರಿಕ ಒಂದೇ ಜಂಟಿ ಸೂಚನಾಪತ್ರ ಕೊಡುತ್ತವೆ. ಒಂದು ದೇಶದಲ್ಲಿ ಪಾಸಾಗದ ಹಡಗು ಇನ್ನೊಂದು ಬಂದರಿಗೆ ಹೋಗಿ ಜಾರಿಕೊಳ್ಳುವಂತಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ನೆರೆಹೊರೆಯ ನೀತಿ ಎಂದು ಕರೆಯಬಹುದಾದದ್ದು ಇದೇ: ಕಳ್ಳ ಬಂದ ಮೇಲೆ ಹಿಡಿಯುವುದಲ್ಲ, ಅವನು ಹೊರಡುವ ಊರಿನಲ್ಲೇ ತಡೆಯುವುದು, ಅದನ್ನೂ ಇಬ್ಬರೂ ಸೇರಿ.

ಇನ್ನು ಪೆಟ್ಟಿಗೆಯ ಕಥೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೀದಿಯ ಮೇಪಲ್ ಮರಗಳಲ್ಲಿ ದುಂಡನೆಯ ತೂತುಗಳು ಕಾಣಿಸಿಕೊಂಡವು. ಎಷ್ಟು ಅಚ್ಚುಕಟ್ಟಾದ ತೂತುಗಳೆಂದರೆ, ಯಾರೋ ಪುಂಡರು ಡ್ರಿಲ್ ಹಿಡಿದು ಕೊರೆದಿದ್ದಾರೆ ಎಂದುಕೊಂಡರು. ಕೊರೆದದ್ದು ಕಪ್ಪು ಮೈಮೇಲೆ ಬಿಳಿ ಚುಕ್ಕೆಯ, ಉದ್ದ ಮೀಸೆಯ ಏಷ್ಯಾದ ದುಂಬಿ. ಇದರ ತವರಿನ ಕಥೆ ಕೇಳಿದರೆ ನಮ್ಮ ಅರಣ್ಯ ಇಲಾಖೆಗಳ ನೀಲಗಿರಿ ನೆಡುತೋಪುಗಳು ನೆನಪಾಗುತ್ತವೆ. ಚೀನಾ 1978ರಿಂದ ಉತ್ತರದ ಮರುಭೂಮಿಯನ್ನು ತಡೆಯಲು ಹಸಿರು ಗೋಡೆ ಕಟ್ಟಿತು. ಬೇಗ ಬೆಳೆಯುತ್ತದೆಂದು ಮೈಲಿಗಟ್ಟಲೆ ಪಾಪ್ಲರ್ ಒಂದನ್ನೇ ನೆಟ್ಟಿತು. ದುಂಬಿಗೆ ಅದು ಔತಣ. ಹುಳ ಹಿಡಿದ ಮರಗಳನ್ನು ಲಕ್ಷಗಟ್ಟಲೆ ಕಡಿಯಬೇಕಾಯಿತು. ಕಡಿದ ಕಳಪೆ ಮರ ಎಲ್ಲಿಗೆ ಹೋಗಬೇಕು? ಅದೇ ಹೊತ್ತಿಗೆ ಚೀನಾದ ರಫ್ತು ಏರುತ್ತಿತ್ತು, ಯಂತ್ರ, ಕಲ್ಲುಚಪ್ಪಡಿ, ಕೊಳವೆಗಳಿಗೆ ಅಗ್ಗದ ಪೆಟ್ಟಿಗೆ ಬೇಕಿತ್ತು.

1998ರ ಡಿಸೆಂಬರಿನಲ್ಲಿ ಅಮೆರಿಕ ಚೀನಾದ ಮರದ ಪೆಟ್ಟಿಗೆಗಳಿಗೆ ಶಾಖ ಅಥವಾ ಹೊಗೆ ಕಡ್ಡಾಯ ಮಾಡಿತು. ಕೆನಡಾ ಬೆನ್ನಿಗೇ ಅದನ್ನೇ ಮಾಡಿತು. ಆದರೆ ಒಂದೊಂದು ದೇಶವೂ ಒಂದೊಂದು ನಿಯಮ ಹೇರುತ್ತ ಹೋದರೆ ವ್ಯಾಪಾರ ನಡೆಯುವುದು ಹೇಗೆ? ಹೀಗಾಗಿ 2002ರ ಮಾರ್ಚಿನಲ್ಲಿ ಎಲ್ಲರಿಗೂ ಅನ್ವಯಿಸುವ 15ನೇ ಅಂತರರಾಷ್ಟ್ರೀಯ ಮಾನದಂಡ ಅಂಗೀಕಾರವಾಯಿತು. ಗೋಧಿ ತೆನೆಯ ಮುದ್ರೆ ಹುಟ್ಟಿದ್ದು ಹೀಗೆ.

ಈಗ ಡೆಟ್ರಾಯಿಟ್ ನದಿಗೆ ಬರೋಣ. ಮುದ್ರೆಗೆ ಒಪ್ಪಿಗೆ ಸಿಕ್ಕಿ ನಾಲ್ಕು ತಿಂಗಳಾಗಿತ್ತು ಅಷ್ಟೇ.

ಡೆಟ್ರಾಯಿಟ್ ನಗರದ ಸುತ್ತಮುತ್ತ ಆಶ್ ಮರಗಳು ಕೆಲವು ವರ್ಷಗಳಿಂದ ಸಾಯುತ್ತಿದ್ದವು. (ಹೆಸರು ಆಶ್ ಆದರೂ ಬೂದಿಗೂ ಅದಕ್ಕೂ ಸಂಬಂಧವಿಲ್ಲ. ಕ್ರಿಕೆಟ್ಟಿನ ಸ್ಟಂಪುಗಳನ್ನು ಮಾಡುವುದು ಇದೇ ಮರದಿಂದ.) ಯಾವುದೋ ಹಳೆಯ ರೋಗ ಇರಬೇಕೆಂದು ಜನ ಸುಮ್ಮನಿದ್ದರು. 2002ರ ಬೇಸಿಗೆಯಲ್ಲಿ ತೊಗಟೆ ಸುಲಿದು ನೋಡಿದರೆ ಒಳಗೆ ಹಾವು ಹರಿದಂತೆ ಸುರಂಗಗಳು. ಪಚ್ಚೆಯಂತೆ ಹೊಳೆಯುವ, ಅರ್ಧ ಇಂಚೂ ಇಲ್ಲದ ಹಸಿರು ದುಂಬಿ. ಅಲ್ಲಿ ಯಾರಿಗೂ ಅದರ ಗುರುತು ಸಿಗಲಿಲ್ಲ. ಮಾದರಿ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿದ್ದ ತಜ್ಞರೊಬ್ಬರಿಗೆ ಹೋಯಿತು. ಜುಲೈನಲ್ಲಿ ಉತ್ತರ ಬಂತು: ಪೂರ್ವ ಏಷ್ಯಾದ ಅಗ್ರಿಲಸ್ ಪ್ಲಾನಿಪೆನಿಸ್. ಅದರ ಬಗ್ಗೆ ಜಗತ್ತಿನಲ್ಲಿ ಇದ್ದ ಮಾಹಿತಿ ಹೆಚ್ಚಾಗಿ ಚೀನೀ ಪುಸ್ತಕಗಳ ಕೆಲವೇ ಪುಟಗಳು. ಅವನ್ನು ಅನುವಾದ ಮಾಡಿಸಬೇಕಾಯಿತು. ಚೀನಾದ ಆಶ್ ಮರಗಳು ಈ ಹುಳವನ್ನು ತಡೆದುಕೊಳ್ಳುತ್ತವೆ, ಹಾಗಾಗಿ ಅಲ್ಲಿ ಅದನ್ನು ದೊಡ್ಡ ಪೀಡೆಯೆಂದು ಯಾರೂ ಬರೆದಿರಲಿಲ್ಲ.

ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟ ಕಂಡವರಿಗೆ ಬಿಳಿ ಕಾಂಡಕೊರಕ ಗೊತ್ತು. ಇದರ ಕೆಲಸವೂ ಹೆಚ್ಚುಕಡಿಮೆ ಹಾಗೆಯೇ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ತೊಗಟೆಯ ಕೆಳಗಿದೆ. ಮರಿಹುಳು ಅದನ್ನೇ ತಿಂದು ಮುಗಿಸುತ್ತದೆ. ಮರ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಕಣ್ಣಿಗೆ ಬೀಳುವಷ್ಟು ಒಣಗುವಾಗ ಹುಳ ಬಂದು ವರ್ಷಗಳಾಗಿರುತ್ತವೆ. ಆಮೇಲೆ ಸತ್ತ ಮರಗಳ ಉಂಗುರಗಳನ್ನು ಎಣಿಸಿ ನೋಡಿದಾಗ, 1990ರ ದಶಕದ ಆರಂಭದಷ್ಟು ಹಿಂದೆಯೇ ಅದು ಅಲ್ಲಿ ನೆಲೆಯೂರಿತ್ತು ಎಂದು ಗೊತ್ತಾಯಿತು. ಬಹುಶಃ ಮುದ್ರೆಯಿಲ್ಲದ ಕಾಲದ ಯಾವುದೋ ಪೆಟ್ಟಿಗೆಯಲ್ಲಿ ಬಂದಿತ್ತು.

ಡೆಟ್ರಾಯಿಟ್‌ನ ಎದುರು ದಡದಲ್ಲಿ ಕೆನಡಾದ ವಿಂಡ್ಸರ್ ನಗರ. ನಡುವೆ 1929ರ ಅಂಬಾಸಡರ್ ಸೇತುವೆ. ಎರಡು ದೇಶಗಳ ನಡುವಿನ ವ್ಯಾಪಾರದ ಸುಮಾರು ಕಾಲುಭಾಗ ಈ ಒಂದೇ ಸೇತುವೆಯ ಮೇಲೆ ಸಾಗುತ್ತಿತ್ತು. ಭೂಪಟದ ಒಂದು ತಮಾಷೆಯೆಂದರೆ ಇಲ್ಲಿ ಕೆನಡಾ ಇರುವುದು ಅಮೆರಿಕದ ದಕ್ಷಿಣಕ್ಕೆ. ಕೆಲವೇ ವಾರಗಳಲ್ಲಿ ವಿಂಡ್ಸರ್‌ನಲ್ಲೂ ಹುಳ ಸಿಕ್ಕಿತು. ಲಾರಿಯಲ್ಲಿ ಬಂತೋ, ಸೌದೆಯಲ್ಲಿ ಬಂತೋ, ಹಾರಿಯೇ ಬಂತೋ, ನದಿಯ ಅಗಲ ಒಂದು ಕಿಲೋಮೀಟರಿನ ಆಸುಪಾಸು ಅಷ್ಟೇ.

ಕೆನಡಾದ ಮುಂದೆ ಒಂದು ಅವಕಾಶ ಕಂಡಿತು. ವಿಂಡ್ಸರ್ ಇರುವುದು ಎರಡು ಸರೋವರಗಳ ನಡುವಿನ ಚಾಚಿನಲ್ಲಿ. ಅದರ ಕುತ್ತಿಗೆಯಂಥ ಭಾಗದಲ್ಲಿ, ಚ್ಯಾಟಮ್-ಕೆಂಟ್ ಎಂಬಲ್ಲಿ, ಸೇಂಟ್ ಕ್ಲೇರ್ ಸರೋವರದಿಂದ ಈರಿ ಸರೋವರದವರೆಗೆ ಹತ್ತು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಒಂದೂ ಆಶ್ ಮರ ಇಲ್ಲದಂತೆ ಮಾಡಿದರೆ? ಕಾಡ್ಗಿಚ್ಚಿಗೆ ಬೆಂಕಿರೇಖೆ ಹಾಕುವ ಹಾಗೆ. 2003–04ರ ಚಳಿಗಾಲದಲ್ಲಿ ಹತ್ತಾರು ಸಾವಿರ ಆಶ್ ಮರಗಳನ್ನು ಉರುಳಿಸಿದರು. ರೋಗವಿಲ್ಲದ, ಬಲಿತ ಮರಗಳು. ರೈತರ ಹೊಲದಂಚಿನ ಸಾಲುಮರಗಳು, ಮನೆಯ ಹಿಂದಿನ ತೋಪುಗಳು. ಮುಂದಿರುವ ಕೋಟಿಗಟ್ಟಲೆ ಮರಗಳಿಗಾಗಿ ಇವನ್ನು ಬಲಿ ಕೊಡಿ ಎಂದು ಸರ್ಕಾರ ಕೇಳಿತು, ಅವರು ಕೊಟ್ಟರು.

2004ರಲ್ಲೇ ಪಟ್ಟಿಯ ಆಚೆ ಬದಿಯಲ್ಲಿ ಹುಳ ಸಿಕ್ಕಿತು. ಕಡಿಯುವ ಹೊತ್ತಿಗೆ ಅದು ದಾಟಿ ಹೋಗಿತ್ತು.

ಇದನ್ನು ಮೂರ್ಖತನ ಎನ್ನಲು ನನಗೆ ಮನಸ್ಸಿಲ್ಲ. ಆ ದಿನ ಕೈಯಲ್ಲಿದ್ದ ಮಾಹಿತಿಯ ಮೇಲೆ ಅದು ಸರಿಯಾದ ನಿರ್ಧಾರವೇ. ತಪ್ಪಿದ್ದು ಬೇರೆ ಕಡೆ: ಹುಳ ಕಂಡ ಜಾಗದ ನಕ್ಷೆಯನ್ನು ಹುಳ ಇರುವ ಜಾಗದ ನಕ್ಷೆ ಎಂದು ನಂಬಿದ್ದು. ಪೆನ್ಸಿಲ್ವೇನಿಯಾದವರು 1911ರಲ್ಲಿ ಮಾಡಿದ್ದೂ ಅದನ್ನೇ. ಇದೇ ಕೆನಡಾ ಟೊರಾಂಟೊ ಪಕ್ಕದಲ್ಲಿ 2003ರಲ್ಲಿ ಕಂಡ ಉದ್ದ ಮೀಸೆಯ ದುಂಬಿಯನ್ನು ಮರ ಕಡಿದೇ ನಿರ್ಮೂಲ ಮಾಡಿತು, 2013ರಲ್ಲಿ ಮತ್ತೆ ಕಂಡಾಗ ಮತ್ತೆ ಮಾಡಿತು, 2020ರಲ್ಲಿ ಗೆದ್ದೆವೆಂದು ಘೋಷಿಸಿತು. ಆ ದುಂಬಿ ಸೋಮಾರಿ, ಹುಟ್ಟಿದ ಮರ ಬಿಟ್ಟು ದೂರ ಹೋಗುವುದು ಕಡಿಮೆ. ಹಸಿರು ದುಂಬಿ ಹಾಗಲ್ಲ. ಅದಕ್ಕೆ ಕ್ಯಾಂಪಿಂಗ್‌ಗೆಂದು ಕಾರಿನ ಡಿಕ್ಕಿಯಲ್ಲಿ ಸೌದೆ ತುಂಬಿಕೊಂಡು ಹೋಗುವ ಮನುಷ್ಯರ ನೆರವೂ ಸಿಕ್ಕಿತು. ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಿಗೆ ಅದು ಹರಡಿದೆ. 2021ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ ತನ್ನ ನಿರ್ಬಂಧವನ್ನೇ ಕೈಬಿಟ್ಟು, ಆ ಹಣವನ್ನು ಚೀನಾದಿಂದ ತಂದ ಪರಾವಲಂಬಿ ಕಣಜಗಳನ್ನು ಬಿಡುವ ಕೆಲಸಕ್ಕೆ ತಿರುಗಿಸಿತು. ಕೆನಡಾ ಆಗ ತನ್ನ ನಿರ್ಬಂಧ ಉಳಿಸಿಕೊಂಡಿತು. ಒಂದೇ ಹುಳಕ್ಕೆ ನದಿಯ ಈ ದಡದಲ್ಲಿ ಒಂದು ಕಾನೂನು, ಆ ದಡದಲ್ಲಿ ಇನ್ನೊಂದು.

ಇನ್ನೊಂದು ವಿಚಿತ್ರ ಗಮನಿಸಿ. ಚೀನಾದಿಂದ, ಭಾರತದಿಂದ ಹೋಗುವ ಪ್ಯಾಲೆಟ್ಟಿಗೆ ಗೋಧಿ ತೆನೆಯ ಮುದ್ರೆ ಕಡ್ಡಾಯ. ಆದರೆ ಅಮೆರಿಕ ಮತ್ತು ಕೆನಡಾ ತಮ್ಮದೇ ಮರದ ಪ್ಯಾಲೆಟ್‌ಗಳಿಗೆ ಪರಸ್ಪರ ವಿನಾಯಿತಿ ಕೊಟ್ಟುಕೊಂಡಿದ್ದವು. ನೆರೆಯವರ ಮೇಲೆ ನಂಬಿಕೆ ಎನ್ನಿ, ಸೇತುವೆಯ ಮೇಲೆ ಲಾರಿ ಸಾಲು ನಿಲ್ಲಬಾರದೆಂಬ ಅವಸರ ಎನ್ನಿ. ವಿನಾಯಿತಿ ತೆಗೆಯಬೇಕೆಂದು ಅಮೆರಿಕ 2010ರಲ್ಲಿ ಪ್ರಸ್ತಾಪ ಮಾಡಿತು; ಅದು ವರ್ಷಗಟ್ಟಲೆ ಪ್ರಸ್ತಾಪವಾಗಿಯೇ ಉಳಿಯಿತು. ಮುದ್ರೆಯಾದರೂ ಎಷ್ಟು ಭದ್ರ? ಅಮೆರಿಕದ ಬಂದರುಗಳಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ, ಮಾನದಂಡ ಬಂದ ಮೇಲೆ ಹುಳವಿರುವ ಪೆಟ್ಟಿಗೆಗಳ ಪ್ರಮಾಣ ಇಳಿದದ್ದು ಶೇಕಡ 36ರಿಂದ 52ರಷ್ಟು.

ನಮ್ಮ ಕಡೆಯ ಅನುಭವವೂ ಬೇರೆಯಲ್ಲ. ಮಲೆನಾಡಿನ ನೆಂಟರನ್ನು ಕೇಳಿ, ಹಾಲುವಾಣದ ಮರಗಳಿಗೆ ಏನಾಯಿತೆಂದು. ಕಾಳುಮೆಣಸಿನ ಬಳ್ಳಿ ಹಬ್ಬಿಸಲು, ಕಾಫಿಗೆ ನೆರಳಾಗಲು ನೆಟ್ಟ ಮರ. ಎಲೆ, ತೊಟ್ಟುಗಳಲ್ಲೆಲ್ಲ ಗಂಟು ಕಟ್ಟಿಸುವ ಪುಟ್ಟ ಕಣಜವೊಂದು ಸಿಂಗಪುರ, ಮಾರಿಷಸ್, ತೈವಾನ್‌ಗಳಲ್ಲಿ ಕಾಣಿಸಿಕೊಂಡು, 2005ರ ಹೊತ್ತಿಗೆ ಕೇರಳಕ್ಕೂ ಹವಾಯಿಗೂ ತಲುಪಿತ್ತು. ನೀಲಗಿರಿಗೆ ಗಂಟುರೋಗ ತರುವ ಇನ್ನೊಂದು ಕಣಜ ಆಸ್ಟ್ರೇಲಿಯಾ ಮೂಲದ್ದು. ಅದು 2000ದ ದಶಕದ ಆರಂಭದಲ್ಲೇ ಮಂಡ್ಯದ ಕಡೆ ಕಾಣಿಸಿಕೊಂಡಿತ್ತು. ಇವೆರಡಕ್ಕೂ ವಿಜ್ಞಾನ ಹೆಸರಿಟ್ಟದ್ದು 2004ರಲ್ಲಿ. ಬಂದರಿನ ಅಧಿಕಾರಿ ಕೈಯಲ್ಲಿ ನಿಷೇಧಿತ ಕೀಟಗಳ ಪಟ್ಟಿ ಹಿಡಿದು ಕೂತಿರುತ್ತಾರೆ. ಹೆಸರೇ ಇಲ್ಲದ ಹುಳ ಯಾವ ಪಟ್ಟಿಯಲ್ಲಿರಲು ಸಾಧ್ಯ? ಅದೇ 2004ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳು ಸೇರಿ ಕಾಡಿನ ಆಕ್ರಮಣಕಾರಿ ಜೀವಿಗಳ ಬಗ್ಗೆ ಮಾಹಿತಿ ಹಂಚಿಕೊಳ್ಳುವ ಜಾಲವೊಂದನ್ನು ಮಾಡಿಕೊಂಡವು. ಕೆಲಕಾಲ ಅದರ ಸಂಯೋಜನೆ ನಡೆದದ್ದು ತ್ರಿಶೂರಿನ ಬಳಿಯ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯಿಂದ. ಮಾಹಿತಿ ಹಂಚುವುದು ಸುಲಭ. ನೇಪಾಳ, ಭೂತಾನ್‌ಗಳ ಜೊತೆಗಿನ ನಮ್ಮ ತೆರೆದ ಗಡಿಗಳಲ್ಲಿ ಸೌದೆಯ ಹೊರೆ ಬಿಚ್ಚಿ ನೋಡುವುದು ಬೇರೆ ಮಾತು.

ಡೆಟ್ರಾಯಿಟ್‌ನಿಂದ ಈಶಾನ್ಯಕ್ಕೆ, ಸೇಂಟ್ ಲಾರೆನ್ಸ್ ನದಿಯ ಮೇಲೆ ಅಕ್ವೆಸಾಸ್ನೆ ಎಂಬ ಮೊಹಾಕ್ ಮೂಲನಿವಾಸಿಗಳ ನೆಲವಿದೆ. ನ್ಯೂಯಾರ್ಕ್, ಒಂಟಾರಿಯೊ, ಕ್ವಿಬೆಕ್ ಮೂರೂ ಅಲ್ಲಿ ಕೂಡುತ್ತವೆ. ಎರಡು ದೇಶಗಳ ಗಡಿ ಅವರ ಊರಿನ ನಡುವೆಯೇ ಹಾದುಹೋಗುತ್ತದೆ, ಅವರನ್ನು ಕೇಳಿ ಎಳೆದ ಗೆರೆಯಲ್ಲ ಅದು. ಅವರು ಬುಟ್ಟಿ ಹೆಣೆಯುವುದು ಕಪ್ಪು ಆಶ್ ಮರದಿಂದ. ದಿಮ್ಮಿಯನ್ನು ಉದ್ದಕ್ಕೂ ಜಜ್ಜುತ್ತ ಹೋದರೆ ಒಂದೊಂದು ವರ್ಷದ ಉಂಗುರವೂ ಪಟ್ಟಿಯಾಗಿ ಎದ್ದು ಬರುತ್ತದೆ. ಬೇರೆ ಮರ ಹಾಗೆ ಬಿಚ್ಚಿಕೊಳ್ಳುವುದಿಲ್ಲ. ಹುಳ ಬಂದ ಮೇಲೆ ಅವರ ಕಷ್ಟ ಇಮ್ಮಡಿಯಾಯಿತು: ಮರ ಸಾಯುತ್ತಿದೆ, ಉಳಿದ ಮರದ ದಿಮ್ಮಿಯನ್ನು ಸಾಗಿಸಲು ನಿರ್ಬಂಧ. 56 ಡಿಗ್ರಿಯಲ್ಲಿ ಕಾಯಿಸಿ ಮುದ್ರೆ ಒತ್ತೋಣವೆಂದರೆ, ಒಣಗಿದ ದಿಮ್ಮಿಯಿಂದ ಪಟ್ಟಿ ಏಳುವುದಿಲ್ಲ.

ಗ್ರೇಟ್ ಲೇಕ್ಸ್ ಪ್ರದೇಶದ ಬುಟ್ಟಿ ಹೆಣೆಯುವ ಮೂಲನಿವಾಸಿಗಳಲ್ಲಿ, ಕಡಿದ ದಿಮ್ಮಿ ಒಣಗದಿರಲೆಂದು ಹೊಳೆಯಲ್ಲಿ ಮುಳುಗಿಸಿಡುವ ಹಳೆಯ ರೂಢಿಯೊಂದಿತ್ತು. ವಿಜ್ಞಾನಿಗಳು ಅವರ ಜೊತೆ ಸೇರಿ ಅದನ್ನು ಪರೀಕ್ಷೆ ಮಾಡಿದರು. ಮೂರು ನಾಲ್ಕು ತಿಂಗಳು ನೀರಿನಡಿ ಇಟ್ಟರೆ ಒಳಗಿನ ಮರಿಹುಳು ಸಾಯುತ್ತದೆ, ಪಟ್ಟಿಯೂ ಹದವಾಗಿ ಏಳುತ್ತದೆ ಎಂದು ಕಂಡುಬಂತು. ಶರತ್ಕಾಲದಲ್ಲಿ ಕಡಿದ ದಿಮ್ಮಿ ಮಂಜುಗಡ್ಡೆಯ ಕೆಳಗೆ ಚಳಿಗಾಲ ಕಳೆಯುತ್ತದೆ. ವಸಂತದಲ್ಲಿ ಅದನ್ನು ಮೇಲೆತ್ತಿ, ತೊಗಟೆ ತೆಗೆದು, ಜಜ್ಜಲು ಕೂರುತ್ತಾರೆ.